ರಂಬುಟಾನ್ ನೆಡೋದಾ, ಮ್ಯಾಂಗೋಸ್ಟೀನ್ ನೆಡೋದಾ?

ಕರಾವಳಿಯ ಸೆಕೆ, ಜೂನ್‌ನಿಂದ ಸುರಿಯುವ ಮಳೆ ಎರಡೂ ಈ ಗಿಡಗಳಿಗೆ ಒಗ್ಗುತ್ತವೆ. ಇವುಗಳ ತವರೇ ಆಗ್ನೇಯ ಏಷ್ಯಾ. ಆದರೆ ಸ್ವಭಾವ ಮಾತ್ರ ಬೇರೆ.

ಬೇಗ ಹಣ್ಣು ಬೇಕೆಂದರೆ ರಂಬುಟಾನ್. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಹಣ್ಣು ಕೊಡಲು ಶುರು ಮಾಡುತ್ತದೆ. ಹಣ್ಣು ತಿಂದು ಬೀಜ ಹಾಕಿ ಸುಮ್ನೆ ಕಾಯಬೇಡಿ. ಬೀಜದ ಗಿಡ ಗಂಡಾಗಿಬಿಟ್ಟರೆ ಹಣ್ಣೇ ಇಲ್ಲ! ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಹಣ್ಣು ಕೆಂಪಾದಾಗ ಬಾವಲಿಗಳ ಕಾಟ, ಬಲೆ ಕಟ್ಟಲೇಬೇಕು.

ಮ್ಯಾಂಗೋಸ್ಟೀನ್ ನಮ್ಮ ಪುನರ್ಪುಳಿಯ ನೆಂಟ. ಎಲೆ ಕಿತ್ತರೆ ಅದೇ ಹಳದಿ ಅಂಟು. ಇದಕ್ಕೆ ಕಾಯುವ ಮನಸ್ಸು ಬೇಕು, ಬೀಜದ ಗಿಡವಾದರೆ ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಆದರೆ ಬೀಜದ ಗಿಡವೂ ತಾಯಿಯಂತೆಯೇ ಬರುತ್ತದೆ, ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುವ ಮರ ಇದು. ಎಳೆಯದರಲ್ಲಿ ನೆರಳು ಬೇಕೇ ಬೇಕು. ಅಡಿಕೆ ತೋಟದ ನಡುವೆ ಆರಾಮಾಗಿರುತ್ತದೆ. ತಾಯಿಬೇರು ಬಲು ಸೂಕ್ಷ್ಮ, ಹಾಗಾಗಿ ನೆಡುವಾಗ ಮಣ್ಣಿನ ಹೆಂಟೆ ಒಡೆಯಬಾರದು. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ, ಬುಡಕ್ಕೆ ದಪ್ಪಗೆ ತರಗೆಲೆ ಹಾಸಿ.

ಮನೆ ಮುಂದೆ ಬಯಲು ಜಾಗವಿದ್ದರೆ ನಾನು ರಂಬುಟಾನ್ ಅನ್ನುತ್ತೇನೆ. ಅಡಿಕೆ ತೋಟವಿದ್ದರೆ ಕಣ್ಣು ಮುಚ್ಚಿ ಮ್ಯಾಂಗೋಸ್ಟೀನ್. ಆ ಬಿಳಿ ತೊಳೆಯ ಹುಳಿಸಿಹಿಗೆ ಎಷ್ಟು ವರ್ಷ ಬೇಕಾದರೂ ಕಾಯಬಹುದು, ಅಲ್ವಾ? ಎರಡಕ್ಕೂ ಮೊದಲ ಮಳೆ ಬಿದ್ದು ಮಣ್ಣು ನೆನೆದ ಹೊತ್ತೇ ಒಳ್ಳೆಯದು.