ಲಂಡನ್–ಪ್ಯಾರಿಸ್: ವಿಮಾನದ ಒಂದೂಕಾಲು ಗಂಟೆ, ಯೂರೋಸ್ಟಾರ್‌ನ ಎರಡೂಕಾಲು ಗಂಟೆ

ಲಂಡನ್ ಮತ್ತು ಪ್ಯಾರಿಸ್ ನಡುವಿನ ನೇರ ಅಂತರ ಸುಮಾರು 344 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋಗುವಷ್ಟೇ ದೂರ. ಈ ದೂರಕ್ಕೆ ವಿಮಾನದ ವೇಳಾಪಟ್ಟಿ ಒಂದೂಕಾಲು ಗಂಟೆ ಎನ್ನುತ್ತದೆ, ಯೂರೋಸ್ಟಾರ್ ರೈಲಿನದು ಎರಡೂಕಾಲು ಗಂಟೆಗಿಂತ ತುಸು ಹೆಚ್ಚು. ಊರಿನಿಂದ ಬಂದಿದ್ದ ಅಪ್ಪ-ಅಮ್ಮನಿಗೆ ಆಯಾಸವಾಗದಿರಲಿ ಎಂದು ಮೊದಲ ಸಲ ನಾನು ವಿಮಾನವನ್ನೇ ಆರಿಸಿದೆ. ಆ ಲೆಕ್ಕ ತಪ್ಪಾಗಿತ್ತು.

ಅಂದು ಬೆಳಿಗ್ಗೆ ಆರಕ್ಕೆ ಉತ್ತರ ಲಂಡನ್‌ನ ಮನೆ ಬಿಟ್ಟೆವು. ಹೀಥ್ರೂ ನಿಲ್ದಾಣ ನಗರದ ಪಶ್ಚಿಮದ ಅಂಚಿನಲ್ಲಿದೆ. ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣವೂ ಊರಿನಿಂದ ಇಪ್ಪತ್ತೈದು ಕಿಲೋಮೀಟರ್ ಆಚೆಗಿದೆ. ಮೆಟ್ರೋ, ಭದ್ರತಾ ತಪಾಸಣೆ, ರನ್‌ವೇಗಾಗಿ ಕಾಯುವುದು, ಇಳಿದ ಮೇಲೆ ವೀಸಾ ಪರಿಶೀಲನೆಯ ಉದ್ದನೆಯ ಸಾಲು, ಮತ್ತೆ ಸ್ಥಳೀಯ ರೈಲು ಎಲ್ಲ ಮುಗಿದು ಗಾರ್ ದು ನಾರ್ ರೈಲು ನಿಲ್ದಾಣದ ಬಳಿಯ ಹೋಟೆಲ್ ಸೇರಿದಾಗ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆ. ಪ್ಯಾರಿಸ್ ಸಮಯ ಒಂದು ಗಂಟೆ ಮುಂದಿರುವುದನ್ನು ಕಳೆದರೂ ಆರೂವರೆ ಗಂಟೆ ಹಿಡಿದಿತ್ತು. ಅದರಲ್ಲಿ ಆಕಾಶದಲ್ಲಿ ಕಳೆದದ್ದು ಒಂದು ಗಂಟೆಯೂ ಅಲ್ಲ. ಕೈಚೀಲದಲ್ಲಿದ್ದ ಅಮ್ಮನ ಉಪ್ಪಿನಕಾಯಿ ಬಾಟಲಿಯೂ ಆಗ ದ್ರವಗಳಿಗಿದ್ದ ನೂರು ಮಿಲಿಲೀಟರ್ ಮಿತಿಯ ನಿಯಮದಿಂದಾಗಿ ತಪಾಸಣೆಯಲ್ಲೇ ಉಳಿದುಹೋಯಿತು.

ಮರುವರ್ಷ ಅವರನ್ನು ರೈಲಿನಲ್ಲಿ ಕರೆದೊಯ್ದೆ. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣ ಲಂಡನ್ ನಗರದ ನಡುವೆಯೇ ಇದೆ, ಮತ್ತು ಫ್ರಾನ್ಸ್‌ನ ಗಡಿ ಪೊಲೀಸರು ನಮ್ಮ ಷೆಂಗೆನ್ ವೀಸಾವನ್ನು (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ) ಅಲ್ಲಿಯೇ, ರೈಲು ಹತ್ತುವ ಮೊದಲೇ ಪರಿಶೀಲಿಸುತ್ತಾರೆ; ಹಾಗಾಗಿ ಪ್ಯಾರಿಸ್‌ನಲ್ಲಿ ಇಳಿದವರು ಇನ್ನೊಂದು ಸಾಲಿನಲ್ಲಿ ನಿಲ್ಲದೆ ನೇರವಾಗಿ ಬೀದಿಗೆ ಬರಬಹುದು. ತಲಾ ಎರಡು ಸೂಟ್‌ಕೇಸ್‌ಗಳಿಗೆ ಹೆಚ್ಚುವರಿ ಶುಲ್ಕವಿಲ್ಲ, ದ್ರವ ಪದಾರ್ಥಗಳಿಗೆ ನೂರು ಮಿಲಿಲೀಟರ್ ಮಿತಿಯೂ ಇಲ್ಲ. ಹಳಿಯ ದಾರಿ ಸುಮಾರು 492 ಕಿಲೋಮೀಟರ್, ಅಂದರೆ ನೇರ ಅಂತರಕ್ಕಿಂತ ಬಹಳ ಹೆಚ್ಚು. ಆದರೂ ಗಂಟೆಗೆ 300 ಕಿಲೋಮೀಟರ್‌ವರೆಗೆ ಏರುವ ವೇಗದಲ್ಲಿ ಆ ಹೆಚ್ಚಳ ಅನುಭವಕ್ಕೇ ಬರುವುದಿಲ್ಲ. 1994ರಲ್ಲಿ ಬ್ರಿಟನ್–ಫ್ರಾನ್ಸ್ ನಡುವಿನ ಕಡಲಿನ ಅಡಿಯ ಸುರಂಗ ತೆರೆದಾಗ ಇದೇ ಪ್ರಯಾಣಕ್ಕೆ ಮೂರು ಗಂಟೆ ಬೇಕಾಗುತ್ತಿತ್ತು. 2007ರಲ್ಲಿ ಬ್ರಿಟನ್ ಕಡೆಯ ಅತಿವೇಗದ ಹಳಿ ಪೂರ್ಣಗೊಂಡ ಮೇಲೆ ಈಗಿನ ಮಟ್ಟಕ್ಕೆ ಇಳಿದಿದೆ.

ಕಡಲನ್ನು ನೋಡುವ ಆಸೆಯಿಂದ ಅಪ್ಪ ಕಿಟಕಿಯ ಪಕ್ಕ ಕುಳಿತಿದ್ದರು. ಐವತ್ತು ಕಿಲೋಮೀಟರ್ ಉದ್ದದ ಸುರಂಗದಲ್ಲಿ, ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರತಳದ ಅಡಿಯಲ್ಲಿ, ಇಪ್ಪತ್ತು ನಿಮಿಷ ಬರೀ ಕತ್ತಲೆ. ಆದರೆ ಮೇಲೆ ಹಡಗುಗಳು ಓಡಾಡುತ್ತಿವೆ ಎಂದು ಹೇಳಿದಾಗ ಅವರು ಆ ಕತ್ತಲೆಯನ್ನೇ ಬಹಳ ಹೊತ್ತು ನೋಡುತ್ತ ಕುಳಿತರು. ಆ ದೃಶ್ಯ ನನ್ನ ಮನಸ್ಸಿನಲ್ಲಿ ಹಾಗೆಯೇ ಇದೆ.

ಮನೆಯಿಂದ ಹೋಟೆಲಿಗೆ ಒಟ್ಟು ನಾಲ್ಕೂವರೆ ಗಂಟೆ. ಪ್ರಯಾಣದ ದಿನ ಹತ್ತಿರವಾದಂತೆ ರೈಲಿನ ದರ ವಿಪರೀತ ಏರುವುದರಿಂದ ಟಿಕೆಟ್ಟನ್ನು ತಿಂಗಳುಗಳ ಮೊದಲೇ ತೆಗೆದುಕೊಳ್ಳಬೇಕು. ಬೆಂಗಳೂರಿನಿಂದ ಹೀಥ್ರೂಗೆ ಬಂದು ಲಂಡನ್‌ನಲ್ಲಿ ತಂಗದೆ ಅಲ್ಲಿಂದಲೇ ಪ್ಯಾರಿಸ್‌ಗೆ ಮುಂದುವರಿಯುವವರಿಗೆ ಮಾತ್ರ ವಿಮಾನವೇ ಅನುಕೂಲ. ಲಂಡನ್‌ನಲ್ಲಿ ಉಳಿದುಕೊಂಡಿರುವವರಿಗೆ, ಅದರಲ್ಲೂ ಹಿರಿಯರೊಡನೆ ಹೊರಟವರಿಗೆ, ನಾನು ರೈಲನ್ನೇ ಹೇಳುತ್ತೇನೆ.