30-ಎಚ್12 ಅಥವಾ ಜಿಕೆ1.5: ಇಲಿಯ ಟಿ ಕೋಶಗಳನ್ನು ತೆಗೆಯಲು ಯಾವ ಪ್ರತಿಕಾಯ?

ಎರಡೂ ಇಲಿಯ (ಮೌಸ್) ಟಿ ಕೋಶಗಳ, ಅಂದರೆ ಪ್ರತಿರಕ್ಷೆಯ ಒಂದು ಬಗೆಯ ಬಿಳಿ ರಕ್ತಕಣಗಳ, ವಿರುದ್ಧ ರ‍್ಯಾಟ್‌ನಿಂದ ಪಡೆದ ಐಜಿಜಿ2ಬಿ ವರ್ಗದ ಮೊನೊಕ್ಲೋನಲ್ ಪ್ರತಿಕಾಯಗಳು (ಒಂದೇ ಗುರಿಗೆ ಅಂಟುವ, ಒಂದೇ ರೂಪದ ಪ್ರತಿಕಾಯಗಳು). ಗುರಿ ಮಾತ್ರ ಬೇರೆ.

30-ಎಚ್12 ಹಿಡಿಯುವುದು ಕೋಶದ ಮೇಲ್ಮೈಯ ಥೈ-1.2 ಎಂಬ ಪ್ರೋಟೀನನ್ನು. ಟಿ ಕೋಶಗಳ ಬಗೆಯನ್ನು ಗುರುತಿಸುವ ಮೇಲ್ಮೈ ಪ್ರೋಟೀನುಗಳಾದ ಸಿಡಿ4, ಸಿಡಿ8 ಎನ್ನದೆ ಎಲ್ಲ ಟಿ ಕೋಶಗಳ ಮೇಲೂ ಬೀಳುತ್ತದೆ. ಟಿ ಕೋಶಗಳ ಬಂಧುಗಳಾದ ಸಹಜ ಲಿಂಫಾಯ್ಡ್ ಕೋಶಗಳನ್ನೂ ಬಿಡುವುದಿಲ್ಲ. ಇಲಿಯ ತಳಿಯನ್ನು ಮೊದಲೇ ನೋಡಿಕೊಳ್ಳಿ: ಸಿ57ಬಿಎಲ್/6 ತಳಿಯಲ್ಲಿ ಥೈ-1.2 ಇದೆ, ಎಕೆಆರ್ ತಳಿಯಲ್ಲಿರುವುದು ಅದೇ ಪ್ರೋಟೀನಿನ ಇನ್ನೊಂದು ರೂಪವಾದ ಥೈ-1.1. ಅಲ್ಲಿ ಈ ಪ್ರತಿಕಾಯ ವ್ಯರ್ಥ.

ಜಿಕೆ1.5 ಸಿಡಿ4 ಅನ್ನು ಹಿಡಿಯುತ್ತದೆ. ಪ್ರಶ್ನೆ ಇತರ ಪ್ರತಿರಕ್ಷಾ ಕೋಶಗಳಿಗೆ ನೆರವಾಗುವ ಸಹಾಯಕ ಟಿ ಕೋಶಗಳದ್ದಾದರೆ ನನ್ನ ಆಯ್ಕೆ ಇದೇ. ಆದರೆ ಪ್ರತಿರಕ್ಷೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳೂ ಸಿಡಿ4 ಹೊತ್ತಿರುವುದರಿಂದ ಅವೂ ಹೋಗುತ್ತವೆ. ಫಲಿತಾಂಶವನ್ನು ಓದುವಾಗ ಇದನ್ನು ಮರೆತರೆ ತೀರ್ಮಾನವೇ ತಲೆಕೆಳಗಾದೀತು.

ನಿಜವಾದ ಎಡವಟ್ಟು ಕೋಶಗಳು ಹೋಗಿವೆಯೇ ಎಂದು ನೋಡುವ ಪರೀಕ್ಷೆಯ ಹಂತದಲ್ಲಿದೆ. ಜಿಕೆ1.5 ಚುಚ್ಚಿದ ಇಲಿಯ ಗುಲ್ಮದ ಕೋಶಗಳಿಗೆ ಆರ್‌ಎಂ4-5 ಎಂಬ ಬಣ್ಣ ಕಟ್ಟಿದ ಸಿಡಿ4 ಪ್ರತಿಕಾಯ ಹಚ್ಚಿ, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ಗೆ ಕೊಟ್ಟರೆ, ಪರದೆಯಲ್ಲಿ ಸಿಡಿ4 ಚುಕ್ಕೆಗಳ ಮೂಲೆ ಖಾಲಿ ಕಾಣಬಹುದು. ಕೋಶಗಳು ಸತ್ತಿರಲೇಬೇಕೆಂದಿಲ್ಲ, ಚುಚ್ಚಿದ ಪ್ರತಿಕಾಯವೇ ಅಂಟುವ ಜಾಗವನ್ನು ಮುಚ್ಚಿಕೊಂಡಿರಬಹುದು. ಸಿಡಿ4ರ ಬೇರೆ ಜಾಗಕ್ಕೆ ಅಂಟುವ ಆರ್‌ಎಂ4-4 ಪ್ರತಿಕಾಯ ಬಳಸಿ. ಟಿ ಕೋಶಗಳು ಬೆಳೆಯುವ ಗ್ರಂಥಿಯಾದ ಥೈಮಸ್ ಹೊಸ ಕೋಶಗಳನ್ನು ಕಳುಹಿಸುತ್ತಲೇ ಇರುತ್ತದೆ, ಆದ್ದರಿಂದ ದೀರ್ಘ ಪ್ರಯೋಗಗಳಲ್ಲಿ ಡೋಸ್ ಮರುಕಳಿಸಬೇಕು.