ಮುಂಬಯಿಯ ಬಿಸಿಲಿಗೆ ಸಿಂಗಲ್ ಗ್ಲಾಸೋ ಡಬಲ್ ಗ್ಲಾಸೋ: ಒಂದೇ ಮನೆಯ ಮೂರು ಕಿಟಕಿಗಳ ವಿಮರ್ಶೆ

ಮುಲುಂಡ್ ಪಶ್ಚಿಮದ ನಮ್ಮ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ಹಳೆಯ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳನ್ನು ತೆಗೆಸಿ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿನ ಹೊಸ ಕಿಟಕಿಗಳನ್ನು ಹಾಕಿಸಿದ್ದೇವೆ. ಮಲಗುವ ಕೋಣೆಗೆ ಲೇಪನವಿಲ್ಲದ ಡಬಲ್ ಗ್ಲಾಸ್, ಅಂದರೆ 6 ಮಿಲಿಮೀಟರಿನ ಎರಡು ಗಾಜುಗಳು ಮತ್ತು ಅವುಗಳ ನಡುವೆ 12 ಮಿಲಿಮೀಟರ್ ಒಣಗಾಳಿ. ಹಾಲ್‌ಗೆ ಬಿಸಿಲು ತಡೆಯುವ ಲೇಪನವಿರುವ ಸಿಂಗಲ್ ಗ್ಲಾಸ್. ಮಗಳು ಓದುವ ಕೋಣೆಗೆ ಲ್ಯಾಮಿನೇಟೆಡ್ ಗಾಜು, ಅಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಎರಡು ಗಾಜುಗಳು. ಮೂರೂ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಕಡೆಗೆ ಪಶ್ಚಿಮಾಭಿಮುಖವಾಗಿದ್ದು, ಮೂರರ ಮೇಲೂ ಮಧ್ಯಾಹ್ನ ಎರಡರ ನಂತರ ಸೂರ್ಯ ಮುಳುಗುವವರೆಗೆ ನೇರ ಬಿಸಿಲು ಬೀಳುತ್ತದೆ. ಒಂದು ಪೂರ್ತಿ ಬೇಸಿಗೆಯೂ ಒಂದು ಮಳೆಗಾಲವೂ ಕಳೆದಿರುವುದರಿಂದ ಈಗ ಇವುಗಳ ಗುಣದೋಷಗಳನ್ನು ಹೋಲಿಸಿ ಬರೆಯಬಹುದು.

ಡಬಲ್ ಗ್ಲಾಸ್ ಹಾಕಿಸಿದರೆ ಮನೆ ತಂಪಾಗಿರುತ್ತದೆ ಎಂಬ ಮಾತು ಬಿಲ್ಡರುಗಳ ಜಾಹೀರಾತಿನಿಂದ ಹಿಡಿದು ಸೊಸೈಟಿಯ ವಾಟ್ಸಾಪ್ ಗುಂಪಿನವರೆಗೆ ಎಲ್ಲೆಡೆ ಕೇಳಿಬರುತ್ತದೆ. ಮುಂಬಯಿಯ ಮಟ್ಟಿಗೆ ಇದು ಅರ್ಧ ನಿಜ. ಗಾಜಿನ ಮೂಲಕ ಶಾಖವು ಎರಡು ದಾರಿಗಳಲ್ಲಿ ಒಳಬರುತ್ತದೆ: ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವುದರಿಂದ ಗಾಜನ್ನು ದಾಟಿ ಹರಿಯುವ ಶಾಖ ಒಂದು, ಬಿಸಿಲಿನ ಕಿರಣಗಳೇ ನೇರವಾಗಿ ಹೊತ್ತು ತರುವ ಶಾಖ ಇನ್ನೊಂದು. ಮೊದಲನೆಯದನ್ನು, ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಎಷ್ಟು ವ್ಯಾಟ್ ಎಂಬುದನ್ನು, ಅಳೆಯುವುದು ಯು ವ್ಯಾಲ್ಯೂ; ಎರಡನೆಯದನ್ನು, ಅಂದರೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಬರುತ್ತದೆ ಎಂಬುದನ್ನು, ಅಳೆಯುವುದು ಎಸ್‌ಎಚ್‌ಜಿಸಿ. ಡಬಲ್ ಗ್ಲಾಸ್ ಯು ವ್ಯಾಲ್ಯೂವನ್ನು ಸುಮಾರು 5.7ರಿಂದ 2.8ಕ್ಕೆ ಇಳಿಸುತ್ತದೆ, ಅಂದರೆ ಅರ್ಧಕ್ಕೆ. ಆದರೆ ಲೇಪನವಿಲ್ಲದಿದ್ದರೆ ಎಸ್‌ಎಚ್‌ಜಿಸಿ 0.82ರಿಂದ 0.70ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಅಂಗಡಿಯವರು ಮೊದಲ ಸಂಖ್ಯೆಯನ್ನು ಕೇಳದಿದ್ದರೂ ಹೇಳುತ್ತಾರೆ, ಎರಡನೆಯದನ್ನು ನಾವೇ ಕೇಳಬೇಕು.

ಏಪ್ರಿಲ್‌ನ ಒಂದು ಮಧ್ಯಾಹ್ನದ ಲೆಕ್ಕವನ್ನು ನೋಡಿ. ಹೊರಗೆ 34 ಡಿಗ್ರಿ, ಎಸಿ ಹಾಕಿದ ಕೋಣೆಯೊಳಗೆ 25 ಡಿಗ್ರಿ, ಪಶ್ಚಿಮದ ಗಾಜಿನ ಮೇಲೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಎಂದಿಟ್ಟುಕೊಂಡರೆ, ಸಾಮಾನ್ಯ ಸಿಂಗಲ್ ಗ್ಲಾಸ್ ಚದರ ಮೀಟರಿಗೆ ಸುಮಾರು 540 ವ್ಯಾಟ್ ಶಾಖವನ್ನು ಒಳಗೆ ಬಿಡುತ್ತದೆ. ಇದರಲ್ಲಿ ಗಾಳಿಯ ಬಿಸಿಯಿಂದ ಬರುವುದು ಬರೀ 50, ಉಳಿದದ್ದೆಲ್ಲ ಬಿಸಿಲಿನದು. ಲೇಪನವಿಲ್ಲದ ಡಬಲ್ ಗ್ಲಾಸ್ ಇದನ್ನು 445ಕ್ಕೆ ಇಳಿಸುತ್ತದೆ. ಆದರೆ ಎಸ್‌ಎಚ್‌ಜಿಸಿ 0.42 ಇರುವ ಲೇಪನದ ಸಿಂಗಲ್ ಗ್ಲಾಸ್ 300ರ ಹತ್ತಿರ ತಂದು ನಿಲ್ಲಿಸುತ್ತದೆ. ಸಮುದ್ರದ ಊರಾದ ಮುಂಬಯಿಯಲ್ಲಿ ಒಳಗಿನ ಮತ್ತು ಹೊರಗಿನ ಉಷ್ಣತೆಯ ವ್ಯತ್ಯಾಸವೇ ಕಡಿಮೆ. ರಾತ್ರಿಯಂತೂ ಮೂರ್ನಾಲ್ಕು ಡಿಗ್ರಿ ದಾಟುವುದಿಲ್ಲ. ಬೇಸಿಗೆಯಲ್ಲಿ 44 ಡಿಗ್ರಿ ಮುಟ್ಟಿ ಚಳಿಗಾಲದಲ್ಲಿ 6ಕ್ಕೆ ಇಳಿಯುವ ದೆಹಲಿಯಲ್ಲಿ ಡಬಲ್ ಗ್ಲಾಸ್ ಮಾಡುವ ಕೆಲಸವನ್ನು ಇಲ್ಲಿಯೂ ಮಾಡುತ್ತದೆಂದು ನಿರೀಕ್ಷಿಸುವುದು ಸರಿಯಲ್ಲ.

ಮನೆಯ ಅನುಭವವೂ ಈ ಲೆಕ್ಕಕ್ಕೆ ಹೊಂದುತ್ತದೆ. ಮೇ ತಿಂಗಳ ಸಂಜೆ ನಾಲ್ಕಕ್ಕೆ ಮಲಗುವ ಕೋಣೆಯ ಡಬಲ್ ಗ್ಲಾಸನ್ನು ಒಳಗಿನಿಂದ ಮುಟ್ಟಿದರೆ ಬೆಚ್ಚಗಷ್ಟೇ ಇರುತ್ತದೆ, ಹಾಲ್‌ನ ಗಾಜು ಕೈ ಹಿಂತೆಗೆಯುವಷ್ಟು ಸುಡುತ್ತದೆ. ಇಷ್ಟನ್ನೇ ನೋಡಿದವರು ಡಬಲ್ ಗ್ಲಾಸ್ ಗೆದ್ದಿತೆಂದೇ ಹೇಳುತ್ತಾರೆ. ಆದರೆ ಮಲಗುವ ಕೋಣೆಯ ನೆಲದ ಮೇಲೆ ಬಿಸಿಲಿನ ಚೌಕ ಹಾಗೆಯೇ ಬಿದ್ದಿರುತ್ತದೆ, ಆ ಚೌಕದೊಳಗಿನ ಟೈಲ್ಸ್ ಬರಿಗಾಲಿಗೆ ಕಾದ ಕಾವಲಿಯಂತೆ ತಾಗುತ್ತದೆ, ಎಸಿಗೆ ಬಿಡುವಿರುವುದಿಲ್ಲ. ಹಾಲ್‌ನಲ್ಲಿ ಆ ಚೌಕ ಮಂಕಾಗಿ, ಕಾವು ಕಡಿಮೆಯಾಗಿ ಬೀಳುತ್ತದೆ. ಹಾಲ್ ಗಾಜಿನ ದೋಷವೆಂದರೆ ಬೆಳಕೂ ಕಡಿಮೆಯಾಗುವುದು. ಜುಲೈ ತಿಂಗಳ ಮೋಡದ ಹಗಲಿನಲ್ಲಿ ಪೇಪರ್ ಓದಲು ದೀಪ ಹಾಕಬೇಕಾಗುತ್ತದೆ. ರಾತ್ರಿ ಒಳಗೆ ದೀಪ ಹೊತ್ತಿದರೆ ಗಾಜು ಕನ್ನಡಿಯಂತಾಗಿ ಹೊರಗಿನದು ಏನೂ ಕಾಣುವುದಿಲ್ಲ, ಹೊರಗಿನವರಿಗೆ ಮಾತ್ರ ನಾವು ಚೆನ್ನಾಗಿಯೇ ಕಾಣುತ್ತೇವೆ. ಆದ್ದರಿಂದ ಪರದೆ ತಪ್ಪಿದ್ದಲ್ಲ.

ಲೇಪನ, ಡಬಲ್ ಗ್ಲಾಸ್ ಎರಡನ್ನೂ ಸೇರಿಸಿದ ಗಾಜೂ ಇದೆ. ಬೆಳ್ಳಿಯ ಅತಿ ತೆಳುವಾದ ಪದರಗಳಿರುವ ಉತ್ತಮ ಲೋ-ಇ (ಶಾಖ ಸೂಸುವುದನ್ನು ತಗ್ಗಿಸುವ) ಲೇಪನಗಳು ಗಾಳಿಗೂ ತೇವಕ್ಕೂ ಒಡ್ಡಿದರೆ ಕೆಡುತ್ತವೆ, ಅವುಗಳನ್ನು ಡಬಲ್ ಗ್ಲಾಸಿನ ಒಳಗೆ ಮುಚ್ಚಿಯೇ ಬಳಸಬೇಕು. ಅಂಥ ಗಾಜಿನ ಎಸ್‌ಎಚ್‌ಜಿಸಿ 0.28ರವರೆಗೂ ಯು ವ್ಯಾಲ್ಯೂ 1.8ರವರೆಗೂ ಇಳಿಯಬಹುದು, ಮೇಲಿನ ಲೆಕ್ಕದಲ್ಲಿ ಒಳಬರುವ ಶಾಖ 185 ವ್ಯಾಟ್‌ನಷ್ಟಾಗುತ್ತದೆ. ಡಬಲ್ ಗ್ಲಾಸಿಗೆ ಈ ಊರಿನಲ್ಲಿ ಹಣ ಕೊಡಲು ನನಗೆ ಒಪ್ಪಿಗೆಯಾಗುವ ಕಾರಣ ಇದೊಂದೇ. ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಗಳಂತೆ ಕಿಟಕಿಯನ್ನೇ ತೆರೆಯದೆ ಹಗಲಿಡೀ ಎಸಿ ನಡೆಸುವ ಕಟ್ಟಡಗಳಿಗೆ ಇದು ಬೇಕೇ ಬೇಕು. ವಾಣಿಜ್ಯ ಕಟ್ಟಡಗಳಿಗಾಗಿ ಬಂದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ ಉತ್ತರವನ್ನು ಬಿಟ್ಟು ಉಳಿದ ದಿಕ್ಕುಗಳ ಗಾಜಿಗೆ 0.27ಕ್ಕಿಂತ ಹೆಚ್ಚಿನ ಎಸ್‌ಎಚ್‌ಜಿಸಿಯನ್ನು ಸಾಮಾನ್ಯವಾಗಿ ಒಪ್ಪಿರಲಿಲ್ಲ. ಸಂಜೆಯಾದೊಡನೆ ಗಾಳಿಗಾಗಿ ಕಿಟಕಿ ತೆರೆದಿಡುವ ನಮ್ಮಂಥವರ ಮನೆಯ ವಿಷಯ ಬೇರೆ. ತೆರೆದ ಕಿಟಕಿಗೆ ಎಷ್ಟು ಪದರದ ಗಾಜಿದ್ದರೇನು?

ಲೇಪನದ ಡಬಲ್ ಗ್ಲಾಸ್ ಕೊಳ್ಳುವವರು ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಬಿಸಿಲಿನ ಊರುಗಳಲ್ಲಿ ಲೇಪನವು ಹೊರಗಿನ ಗಾಜಿನ ಒಳಮೈ ಮೇಲೆ ಇರಬೇಕು. ಫಿಟ್ಟರ್ ಗಾಜನ್ನು ತಿರುವುಮುರುವಾಗಿ ಕೂರಿಸಿದರೆ, ಹೀರಿಕೊಂಡ ಶಾಖವೆಲ್ಲ ಒಳಗಿನ ಗಾಜಿನಿಂದ ಕೋಣೆಗೇ ಬರುತ್ತದೆ, ಹೊರನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ಒಳಗೆ ನಿಂತು ಲೈಟರಿನ ಜ್ವಾಲೆಯನ್ನು ಗಾಜಿನ ಹತ್ತಿರ ಹಿಡಿದು ಓರೆಯಾಗಿ ನೋಡಿದರೆ, ಒಂದರ ಹಿಂದೊಂದು ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲಿ ನಮ್ಮಿಂದ ಮೂರನೆಯದರ ಬಣ್ಣ ಬೇರೆಯಾಗಿದ್ದರೆ ಗಾಜು ಸರಿಯಾಗಿ ಕುಳಿತಿದೆ. ಇದನ್ನು ತೋರಿಸಿಕೊಟ್ಟವರು ನಮಗೆ ಕಿಟಕಿ ಮಾಡಿಕೊಟ್ಟ ಅಂಗಡಿಯವರೇ. ಕುಂದಾಪುರ ಕಡೆಯವರಾದ ಅವರು ಡಬಲ್ ಗ್ಲಾಸ್ ಮಾರಿದರೆ ತಮಗೇ ಲಾಭ ಹೆಚ್ಚೆಂಬುದನ್ನು ಮುಚ್ಚಿಡಲಿಲ್ಲ, "ಮೊದಲು ಬಿಸಿಲನ್ನು ಹೊರಗೇ ತಡೆಯಿರಿ ಮಾರಾಯ್ರೆ, ಗಾಜಿನ ಮಾತು ಆಮೇಲೆ" ಎಂದೂ ಹೇಳಿದರು. ಪಶ್ಚಿಮದ ಬಿಸಿಲು ತಗ್ಗಿನಿಂದ ಬರುವುದರಿಂದ ಕಿಟಕಿಯ ಮೇಲೆ ಚಾಚಿದ ಛಜ್ಜಾ ಅದನ್ನು ತಡೆಯಲಾರದು. ಹೊರಬದಿಗೆ ಇಳಿಬಿಡುವ ಬಿದಿರಿನ ತಟ್ಟಿ ಯಾವ ಗಾಜಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಕಟ್ಟಡದ ಹೊರನೋಟ ಕೆಡುತ್ತದೆಂದು ನಮ್ಮ ಸೊಸೈಟಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ.

ಇನ್ನು ಸದ್ದಿನ ವಿಷಯ. ರಸ್ತೆಯ ಗದ್ದಲಕ್ಕೂ ಮೆಟ್ರೊ ಕಾಮಗಾರಿಗೂ ಬೇಸತ್ತು ಡಬಲ್ ಗ್ಲಾಸ್ ಹಾಕಿಸುವವರು ಬಹಳ. ಎರಡೂ ಗಾಜುಗಳ ದಪ್ಪ ಒಂದೇ ಆಗಿದ್ದರೆ ಅವೆರಡೂ ಒಂದೇ ಬಗೆಯ ಸದ್ದಿಗೆ ಸೋಲುತ್ತವೆ; ನಡುವಿನ ಗಾಳಿಯ ಪದರದಿಂದಾಗಿ ಬಸ್ಸು ಮತ್ತು ಲಾರಿಗಳ ಎಂಜಿನ್ನಿನ ತಗ್ಗು ಸ್ವರದ ಗುಡುಗು ಒಳಗೆ ನುಸುಳುತ್ತದೆ. ಹಾರ್ನ್ ಸದ್ದು ಮಲಗುವ ಕೋಣೆಯಲ್ಲಿ ಚೆನ್ನಾಗಿ ಕಡಿಮೆಯಾಗಿದೆ, ಗುಡುಗು ಕಡಿಮೆಯಾಗಿಲ್ಲ. ಓದುವ ಕೋಣೆಯ ಲ್ಯಾಮಿನೇಟೆಡ್ ಗಾಜು ನಡುವಿನ ಪಿವಿಬಿ ಎಂಬ ಪ್ಲಾಸ್ಟಿಕ್ ಪದರದಿಂದಾಗಿ ಈ ವಿಷಯದಲ್ಲಿ ಮೇಲು, ಒಡೆದರೂ ಚೂರುಗಳು ಉದುರುವುದಿಲ್ಲ, ಅತಿನೇರಳೆ ಕಿರಣವನ್ನೂ ಬಹುಪಾಲು ತಡೆಯುತ್ತದೆ. ಆದರೆ ಗಾಜಿಗಿಂತ ದೊಡ್ಡದು ಸಂದಿನ ಪ್ರಶ್ನೆ. ಸ್ಲೈಡಿಂಗ್ ಕಿಟಕಿಯ ಬ್ರಶ್ ಪಟ್ಟಿಯ ಸಂದಿನಲ್ಲಿ ಗಾಳಿ ಹೋದಲ್ಲೆಲ್ಲ ಸದ್ದೂ ಹೋಗುತ್ತದೆ. ರಬ್ಬರ್ ಗ್ಯಾಸ್ಕೆಟ್ಟನ್ನು ಒತ್ತಿ ಮುಚ್ಚುವ, ಬಾಗಿಲಿನಂತೆ ತೆರೆಯುವ ಕಿಟಕಿಗೆ ಸಾಮಾನ್ಯ ಗಾಜು ಹಾಕಿದರೂ ಸ್ಲೈಡಿಂಗ್ ಡಬಲ್ ಗ್ಲಾಸಿಗಿಂತ ಮನೆ ನಿಶ್ಶಬ್ದವಾಗಿರುತ್ತದೆ.

ನಮ್ಮ ಕೊಟೇಶನ್‌ನಲ್ಲಿ ಡಬಲ್ ಗ್ಲಾಸಿನ ಕಿಟಕಿಗೆ ಸಾಮಾನ್ಯ ಗಾಜಿನದಕ್ಕಿಂತ ಒಂದೂವರೆ ಪಟ್ಟು ದರ ಹಾಕಿದ್ದರು, ಲೇಪನದ ಸಿಂಗಲ್ ಗ್ಲಾಸಿಗೆ ಹೆಚ್ಚುವರಿ ಹಣ ಅದರ ಅರ್ಧದಷ್ಟೂ ಆಗಲಿಲ್ಲ. ದರದ ಜೊತೆಗೆ ಭಾರವನ್ನೂ ಗಮನಿಸಬೇಕು. ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೋ ತೂಗುವುದರಿಂದ, ನಮ್ಮ ಡಬಲ್ ಗ್ಲಾಸ್ ಚದರ ಮೀಟರಿಗೆ 30 ಕಿಲೋ ಆಗಿದೆ. ಅಷ್ಟನ್ನು ಹೊರುವ ರೋಲರ್ ಅಥವಾ ಹಿಂಜ್ ಹಗುರವಾದದ್ದಾದರೆ ಪಲ್ಲೆ, ಅಂದರೆ ತೆರೆದು ಮುಚ್ಚುವ ಭಾಗ, ಜೋತುಬೀಳುತ್ತದೆ.

ಡಬಲ್ ಗ್ಲಾಸಿನ ಬಹುದೊಡ್ಡ ಅಳುಕು ಅದರ ಅಂಚಿನ ಸೀಲ್. ಪಶ್ಚಿಮದ ಗಾಜು ದಿನವೂ ಕಾದು ತಣಿಯುವಾಗ ನಡುವಿನ ಗಾಳಿ ಹಿಗ್ಗಿ ಕುಗ್ಗಿ ಸೀಲನ್ನು ಎಳೆಯುತ್ತಿರುತ್ತದೆ. ಅದು ಒಮ್ಮೆ ಬಿಟ್ಟುಕೊಟ್ಟರೆ ಮುಂಬಯಿಯ ತೇವ ಒಳಸೇರಿ, ಎರಡು ಗಾಜುಗಳನ್ನು ಅಂಚಿನಲ್ಲಿ ದೂರವಿಡುವ ಪಟ್ಟಿಯಾದ ಸ್ಪೇಸರಿನಲ್ಲಿ ತುಂಬಿರುವ ತೇವ ಹೀರುವ ಕಾಳುಗಳು ಸೋತು, ಗಾಜುಗಳ ನಡುವೆ ಒರೆಸಲು ಬಾರದ ಮಬ್ಬು ಕಟ್ಟುತ್ತದೆ. ಆಗ ಇಡೀ ಗಾಜನ್ನೇ ಬದಲಿಸಬೇಕು. ನಮ್ಮ ವಾರಂಟಿ ಪತ್ರದಲ್ಲಿ ಚೌಕಟ್ಟಿನ ಬಗ್ಗೆ ದಪ್ಪಕ್ಷರದಲ್ಲಿ ಭರವಸೆಯಿತ್ತು, ಸೀಲಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಕೇಳಿದ ಮೇಲೆ ಅಂಗಡಿಯವರು ಕೈಬರಹದಲ್ಲಿ ಸೇರಿಸಿ ಸಹಿ ಹಾಕಿಕೊಟ್ಟರು.

ಫಿಟ್ಟಿಂಗ್ ಕೆಲಸಕ್ಕೆ ಪೂರ್ಣ ಅಂಕ ಕೊಡಲಾರೆ. ಚೌಕಟ್ಟಿನ ತಳದಲ್ಲಿ ನೀರು ಹೊರಹೋಗಲು ಇರುವ ರಂಧ್ರಗಳನ್ನು ಫಿಟ್ಟರ್ ಸಿಲಿಕೋನ್ ಬಳಿದು ಮುಚ್ಚಿಬಿಟ್ಟಿದ್ದರಿಂದ, ಮೊದಲ ಜೋರು ಮಳೆಗೆ ಹಾಲ್‌ನ ಹಳಿಯಲ್ಲಿ ನೀರು ತುಂಬಿ ಸೋಫಾದವರೆಗೆ ಹರಿಯಿತು. ಫೋನ್ ಮಾಡಿದ ಮರುದಿನವೇ ಆಳು ಬಂದು, ಬ್ಲೇಡಿನಿಂದ ಸಿಲಿಕೋನ್ ಕೆತ್ತಿ ರಂಧ್ರ ಬಿಡಿಸಿ, ಒಂದು ಲೋಟ ನೀರು ಸುರಿದು ಹರಿಯುವುದನ್ನು ತೋರಿಸಿ ಹೋದನು, ದುಡ್ಡು ಕೇಳಲಿಲ್ಲ.

ಅಡುಗೆಮನೆಯ ಕಿಟಕಿಯನ್ನೂ ಇದೇ ಅಂಗಡಿಯವರಿಗೆ ಕೊಟ್ಟಿದ್ದೇವೆ. ಅದು ಉತ್ತರದ ಕಿಟಕಿ, ಅಲ್ಲಿ ನೇರ ಬಿಸಿಲು ಹೆಚ್ಚಾಗಿ ಬೀಳುವುದು ಸೂರ್ಯ ಉತ್ತರಕ್ಕೆ ಸರಿಯುವ ಜೂನ್ ಸುತ್ತಮುತ್ತ ಮಾತ್ರ, ಆಗ ಮೋಡ ಕವಿದಿರುತ್ತದೆ. ಒಗ್ಗರಣೆಯ ಹೊಗೆ ಹೋಗಲು ಕಿಟಕಿ ಹೇಗಿದ್ದರೂ ತೆರೆದೇ ಇರುತ್ತದೆ. ಅದಕ್ಕೆ 5 ಮಿಲಿಮೀಟರಿನ ಸಾಮಾನ್ಯ ಗಾಜು, ಬಾಗಿಲಿನಂತೆ ತೆರೆಯುವ ಪಲ್ಲೆ ಮತ್ತು ಸೊಳ್ಳೆ ಪರದೆ ಎಂದು ಬರೆಸಿದ್ದೇವೆ.